ಕೀ ಉತ್ತರದಲ್ಲಿ ಇಲ್ಲದ್ದು

ನಮ್ಮ ಸೈನ್ಸ್ ಮಿಸ್ಸಿನ ಹನ್ನೊಂದನೆಯ ದಿನದ ಊಟಕ್ಕೆ ಹೋದ ತಿಂಗಳು ನಾಗಮಂಗಲಕ್ಕೆ ಹೋಗಿದ್ದೆ. ಪಂಕ್ತಿಯಲ್ಲಿ ಪಕ್ಕ ಕೂತಿದ್ದ ಹಿರಿಯರೊಬ್ಬರು ಎಲೆಗೆ ನೀರು ಚಿಮುಕಿಸುತ್ತ, "ದ್ಯಾವ್ರಂತ ಎಂಗ್ಸು ಕನಪ್ಪ. ಒಂದಿನ ಯಾರ್ಗೂ ಕೆಟ್ಟ ಮಾತಾಡ್ನಿಲ್ಲ" ಅಂದರು. ನನಗೆ ನಗು ತಡೆಯಲಾಗಲಿಲ್ಲ. ಹಪ್ಪಳ ಮುರಿದು ಬಾಯಿಗೆ ಹಾಕಿಕೊಂಡು ಅದರ ಸದ್ದಿನಲ್ಲಿ ನಗು ಮುಚ್ಚಿದೆ. ಸತ್ತವರನ್ನು ಹೊಗಳುವುದಕ್ಕೂ ಒಂದು ಲೆಕ್ಕ ಬೇಡವೇ? ಪಾಂಡವಪುರ ತಾಲ್ಲೂಕಿನ ಒಂದು ಅನುದಾನಿತ ಹೈಸ್ಕೂಲಿನಲ್ಲಿ ಮೂವತ್ತು ಚಿಲ್ಲರೆ ವರ್ಷ ಆಕೆ ಕೆಟ್ಟ ಮಾತನ್ನೇ ಬಡಿಸಿದವರು. ಅದರಲ್ಲಿ ದೊಡ್ಡ ಪಾಲು ನನ್ನ ಎಲೆಗೆ ಬಿದ್ದಿತ್ತು. ಮೊದಲು ವಿದ್ಯಾರ್ಥಿಯಾಗಿ ತಿಂದೆ, ಆಮೇಲೆ ಅದೇ ಶಾಲೆಗೆ ಸೈನ್ಸ್ ಮೇಷ್ಟ್ರಾಗಿ ಹೋಗಿ ಹದಿನಾರು ವರ್ಷ ಮತ್ತೆ ತಿಂದೆ.

ಅವರು ನಾಗಮಂಗಲದ ಕಡೆಯವರು. ರಾಗಿ, ತೆಂಗು, ಅಡಿ ಕಾಣುವ ಬಾವಿ ನೋಡಿ ಬೆಳೆದವರು. ನಾವೋ ಕ್ಯಾತನಹಳ್ಳಿ ಸುತ್ತಿನ ಕಬ್ಬಿನ ಗದ್ದೆಯ ಮಕ್ಕಳು. ಅದೇ ಅವರ ಮೊದಲ ಸಿಟ್ಟು. "ನಿಮ್ಗೆ ನಾಲೆ ನೀರು ಕಾಲ್ತಾವೇ ಬತ್ತದೆ. ಅದ್ಕೇ ತಲೇಲಿ ಕೆಸ್ರು ನಿಂತದೆ" ಅನ್ನುವರು. ಎತ್ತರದ ಒಣಕಲು ದೇಹ. ಹತ್ತಿ ಸೀರೆಗೆ ಭುಜದಲ್ಲಿ ಎರಡು ಪಿನ್ನು. ಚೀಲದಲ್ಲಿ ಯಾವಾಗಲೂ ಊರಿನ ಒಣಕೊಬ್ಬರಿ, ಬೆಲ್ಲ ಇರುತ್ತಿತ್ತು. ಸರಿ ಉತ್ತರ ಹೇಳಿದವನಿಗೆ ಒಂದು ಚೂರು ಕೊಡುವರು. ತಪ್ಪು ಹೇಳಿದವನನ್ನು ಹತ್ತಿರ ಕರೆದು, ಕೊಬ್ಬರಿಯನ್ನು ಮೂಗಿನ ಹತ್ತಿರ ಹಿಡಿದು, "ವಾಸ್ನೆ ತಕ್ಕೊಂಡ್ಯಾ? ಓಗು, ಅಷ್ಟೇ ನಿಂಗೆ" ಎಂದು ವಾಪಸ್ಸು ಚೀಲಕ್ಕೆ ಹಾಕಿಕೊಳ್ಳುವರು. ಬೆತ್ತ ಮುಟ್ಟಿದವರಲ್ಲ. ಬೆತ್ತದಲ್ಲಿ ಹೊಡೆದಿದ್ದರೆ ಎಷ್ಟೋ ವಾಸಿಯಾಗಿತ್ತು.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪಾಂಡವಪುರದ ಮಟನ್ ಅಂಗಡಿಯಿಂದ ಕುರಿಯ ಮೆದುಳು ತರಿಸಿದರು. ಪಾಠ ಮುಗಿದ ಮೇಲೆ ಅದು ಅಟೆಂಡರಿಗೆ ಸಲ್ಲುವುದು ವಾಡಿಕೆ. ಅವನು ಮೆಣಸಿನಪುಡಿ ತಂದಿಟ್ಟುಕೊಂಡು ಬಾಗಿಲಲ್ಲೇ ಕಾಯುತ್ತಿದ್ದ. ಮಿಸ್ಸು ನನ್ನನ್ನು ಮುಂದಕ್ಕೆ ಕರೆದು ಅದನ್ನು ನನ್ನ ಅಂಗೈ ಮೇಲಿಟ್ಟರು.

"ಎಂಗದೆ?"

"ಮೆತ್ಗದೆ ಮಿಸ್."

"ನರಕೋಶದ ಮೂರು ಭಾಗ ಏಳು."

ಒಂದು ಹೇಳಿದೆ. ಇನ್ನೆರಡು ಬರಲಿಲ್ಲ. ಅವರು ಕ್ಲಾಸಿನ ಕಡೆ ತಿರುಗಿದರು. "ನೋಡ್ರಪ್ಪ, ಈ ಕುರಿಗೆ ತನ್ನ ಕೊಟ್ಟಿಗೆ ದಾರಿ ಗೊತ್ತಿತ್ತು, ತನ್ನ ಮರಿ ವಾಸ್ನೆ ಗೊತ್ತಿತ್ತು. ಇವ್ನಿಗೆ ತನ್ನ ತಲೇಲೇ ಏನದೆ ಅಂತ ಗೊತ್ತಿಲ್ಲ. ಇದ್ನ ಇವ್ನ ತಲೆಗೆ ಆಕಿ, ಇವ್ನುದ್ನ ಕುರಿಗೆ ಆಕಿದ್ರೆ ಮೋಸ ಓಗದು ಯಾರು?"

"ಕುರಿ ಮಿಸ್!" ಎಂದು ಇಡೀ ಕ್ಲಾಸು ಕೂಗಿತು.

ಅಂದಿನಿಂದ ನನ್ನ ಹೆಸರೇ ಕುರಿ. ನನ್ನ ಮದುವೆಯ ಧಾರೆಯ ಹೊತ್ತಿಗೆ ಹಿಂದಿನಿಂದ ಯಾವನೋ ಹಳೇ ಗೆಳೆಯ "ಮ್ಯಾ" ಅಂದ. ಹೆಂಡತಿ ಏನು ಅಂತ ಕೇಳಿದಳು, ನಾನು ಹೇಳಲಿಲ್ಲ. ಆ ರೋಷಕ್ಕೇ ನಾನು ಸೈನ್ಸ್ ಓದಿದ್ದು, ಬಿ.ಎಡ್ ಮಾಡಿದ್ದು, ಕೆ.ಆರ್.ಪೇಟೆಯಲ್ಲಿ ಎರಡು ವರ್ಷ ದುಡಿದು ಕೊನೆಗೆ ಇದೇ ಶಾಲೆಗೆ ಅರ್ಜಿ ಹಾಕಿದ್ದು. ಮೊದಲ ದಿನ ಸ್ಟಾಫ್ ರೂಮಿನೊಳಕ್ಕೆ ಕಾಲಿಟ್ಟರೆ ಅವರು ಕನ್ನಡಕದ ಮೇಲಿಂದ ನೋಡಿ, "ಓಹೋ, ಕುರಿ ಬಂತು. ಕಾಯಾಕ್ ಬಂದ್ಯೋ ಮೇಯಾಕ್ ಬಂದ್ಯೋ?" ಅಂದರು. ಎಲ್ಲರೂ ಚಹಾ ಚೆಲ್ಲುವ ಹಾಗೆ ನಕ್ಕರು.

ಪಾಠ ಮಾತ್ರ, ಸುಳ್ಳು ಹೇಳಬಾರದು, ಅವರ ಹಾಗೆ ಯಾರೂ ಮಾಡಲಿಲ್ಲ. ನರಕೋಶವನ್ನು ಸೀಮೆಸುಣ್ಣ ಎತ್ತದೆ ಒಂದೇ ಬೀಸಿಗೆ ಬರೆಯುವರು. ಬೇರು ಸಮೇತ ಕಿತ್ತ ಗಿಡದ ಹಾಗೆ ಅದು ಬೋರ್ಡಿನ ಮೇಲೆ ಬಿದ್ದಿರುತ್ತಿತ್ತು. ಒಂದು ಕಡೆ ಕವಲುಕವಲಾದ ಡೆಂಡ್ರೈಟು, ನಡುವೆ ಕೋಶಕಾಯ, ಆಮೇಲೆ ಉದ್ದನೆಯ ಆಕ್ಸಾನು, ಅದರ ಮೇಲೆ ಮಯಲಿನ್ ಹೊದಿಕೆ. "ಕವಲು ಸುದ್ದಿ ಈಸ್ಕೊಳ್ತದೆ, ಬಾಲ ಸುದ್ದಿ ಮುಟ್ಟಿಸ್ತದೆ. ವೈರಿನ ಮ್ಯಾಲೆ ರಬ್ಬರು ಇರಾಕಿಲ್ವಾ, ಅಂಗೆ ಮಯಲಿನ್ನು" ಎನ್ನುವರು. ಎಮ್ಮೆ ಕಾಯುವವನಿಗೂ ಅರ್ಥವಾಗುತ್ತಿತ್ತು. ಕಡೆಗೆ ಚಾಟಿಯೇಟಿನ ಹಾಗೆ ಒಂದು ಮಾತು: "ವಯಸ್ಸಾದ್ರೆ ನರಕೋಶ ಸಾಯ್ತವೆ. ದಿನಾ ಸಾಯ್ತವೆ. ಸತ್ತಿದ್ದು ಉಟ್ಟಾಕಿಲ್ಲ. ಅದ್ಕೇ ಮುದುಕ್ರು ಅಂಗಿರದು."

ಅಷ್ಟಕ್ಕೇ ಬಿಡುತ್ತಿದ್ದರೇ? ಉದಾಹರಣೆ ಬೇಕಲ್ಲ. ನಾನು ಮೇಷ್ಟ್ರಾಗಿದ್ದ ಕಾಲಕ್ಕೆ ನಮ್ಮ ಹೆಡ್ಮಾಸ್ಟರು ನಿವೃತ್ತಿಗೆ ಹತ್ತಿರವಾಗಿದ್ದ ಪಾಪದ ಮನುಷ್ಯ. ಹಣೆಯ ಮೇಲೆ ಕನ್ನಡಕವಿಟ್ಟುಕೊಂಡು ಕಾರಿಡಾರಿನಲ್ಲಿ ಕನ್ನಡಕ ಹುಡುಕುತ್ತಿದ್ದರು. ಮಿಸ್ಸು ಕಿಟಕಿಯಿಂದ ತೋರಿಸಿ, "ನೋಡ್ರೋ, ಪ್ರಯೋಗ ನಡೀತಾ ಅದೆ. ಕೋಶ ಸತ್ರೆ ಇಂಗೇ" ಅಂದರು. ಮಕ್ಕಳು ಗೊಳ್ಳೆಂದರು. ತಿರುಗಿ ನೋಡಿದರೆ ಹೆಡ್ಮಾಸ್ಟರು ಬಾಗಿಲಲ್ಲೇ ನಿಂತಿದ್ದಾರೆ. ಕನ್ನಡಕ ಕೆಳಗಿಳಿಸಿಕೊಂಡು, "ಮುಂದುವರ್ಸಿ ಮೇಡಂ" ಎಂದು ಹೋದರು. ಬೀಳ್ಕೊಡುಗೆಯ ದಿನ ಅವರು ಎಲ್ಲರ ಹೆಸರೂ ಹೇಳಿ ಕೃತಜ್ಞತೆ ಸಲ್ಲಿಸಿದರು, ಮಿಸ್ಸಿನದೊಂದು ಬಿಟ್ಟು. ಅದನ್ನೂ ಮಿಸ್ಸು ಮರೆವಿನ ಲೆಕ್ಕಕ್ಕೇ ಬರೆದುಕೊಂಡರು.

"ಏಮಗಿರಿ ಜಾತ್ರೇಲಿ ದನದ ಅಲ್ಲು ನೋಡಿ ವಯಸ್ಸು ಏಳ್ತಾರಲ್ಲ, ಅಂಗೆ ಮೇಷ್ಟ್ರಿಗೂ ಒಂದು ಪರೀಕ್ಷೆ ಇರ್ಬೇಕು. ಅಲ್ಲು ಸವೆದ ಎತ್ತನ್ನ ಯಾವನೂ ನೇಗಿಲಿಗೆ ಕಟ್ಟಾಕಿಲ್ಲ. ತಲೆ ಸವೆದ ಮೇಷ್ಟ್ರನ್ನ ಮಾತ್ರ ಮಕ್ಳಿಗೆ ಕಟ್ತಾರೆ" ಎಂದು ಆಮೇಲೆ ಸ್ಟಾಫ್ ರೂಮಿನಲ್ಲಿ ಹೇಳಿದರು.

ಪಬ್ಲಿಕ್ ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋದರೆ ಅವರ ಮೇಜಿಗೆ ಬಂದ ಪೇಪರಿನ ಮಕ್ಕಳ ಗ್ರಹಚಾರ ಕೆಟ್ಟಿತು ಅಂತಲೇ ಅರ್ಥ. ಕೀ ಉತ್ತರ ಅಂತ ಒಂದು ಹಾಳೆ ಕೊಡುತ್ತಾರೆ. ಅದರಲ್ಲಿ ಏನಿದೆಯೋ ಅದಕ್ಕೆ ಅಂಕ. ನಾವೆಲ್ಲ ಅತ್ತಿತ್ತ ನೋಡಿ ಅರ್ಧ ಅಂಕ ಎಸೆಯುತ್ತಿದ್ದೆವು. ಅವರದು ಒಂದೇ ಮಾತು, "ಕೀಯಲ್ಲಿ ಐತಾ? ಇಲ್ವಾ? ಸೊನ್ನೆ." ಒಮ್ಮೆ ನಾನು, "ಮಿಸ್, ಹುಡುಗಿ ಸ್ವಂತವಾಗಿ ಯೋಚನೆ ಮಾಡಿ ಬರೆದಿದ್ದಾಳೆ, ಚೆನ್ನಾಗಿದೆ" ಅಂದೆ. "ಚೆನ್ನಾಗಿ ಬರ್ದಿದ್ರೆ ಕವಿ ಆಗ್ಲಿ. ಇಲ್ಲಿ ಸೊನ್ನೆ" ಎಂದು ದುಂಡಗೆ ಬರೆದರು. ಅವರ ಸೊನ್ನೆ ಕೈವಾರ ಹಿಡಿದು ಬರೆದ ಹಾಗಿರುತ್ತಿತ್ತು.

ಇಂಥವರು ನಿವೃತ್ತಿಯಾದ ದಿನ ನಮಗೆಲ್ಲ ಎಷ್ಟು ಸಂತೋಷ! ಶಾಲು ಹೊದಿಸಿದೆವು, ಹಣ್ಣಿನ ಬುಟ್ಟಿ ಕೊಟ್ಟೆವು, ಒಬ್ಬೊಬ್ಬರೂ ಎದ್ದು ನಿಂತು ಸುಳ್ಳು ಹೇಳಿದೆವು. ಅವರು ಭಾಷಣ ಮಾಡಲಿಲ್ಲ. ಎದ್ದು ಬಂದು ನನ್ನ ಮೊಣಕೈ ಹಿಡಿದು, "ಲೇ, ಬಾರ್ಲಾ ಇಲ್ಲಿ" ಎಂದು ಲ್ಯಾಬಿಗೆ ಕರೆದುಕೊಂಡು ಹೋದರು. ನನಗಾಗ ನಲವತ್ತೆರಡು ವರ್ಷ, ಎರಡು ಮಕ್ಕಳ ತಂದೆ.

"ಶನಿವಾರ ಶನಿವಾರ ಬತ್ತೀನಿ. ಸೈನ್ಸಲ್ಲಿ ಫೇಲಾಗಿರೋ ಐಕ್ಳಿಗೆ ಪಾಠ ಮಾಡ್ತೀನಿ. ಪಾಠ ಬುಟ್ರೆ ನಂಗೇನೈತೆ? ಗಂಡ ಇಲ್ಲ, ಮಕ್ಳಿಲ್ಲ. ಈಗಿನ ಎಡ್ಮಾಸ್ಟರ್ನ ಕೇಳಿವ್ನಿ, ಊಂ ಅಂದವ್ರೆ" ಅಂದರು. ಆಮೇಲೆ ದನಿ ತಗ್ಗಿಸಿದರು. "ಒಂದು ಕರಾರು. ತಿಂಗಳಿಗೊಂದ್ಸಲ ನೀನು ನಂಗೆ ಟೆಸ್ಟ್ ಕೊಡ್ಬೇಕು. ನೂರು ಅಂಕಕ್ಕೆ. ಪಾಠ ಮಾಡೋಳಿಗೆ ಮೂವತ್ತೈದು ಸಾಲ್ದು, ಎಂಬತ್ತು ಬರ್ಬೇಕು. ಎಂಬತ್ರಿಂದ ಒಂದು ಕಮ್ಮಿ ಬಂದ್ರೂ ಅವತ್ತಿಗೇ ನಿಲ್ಲಿಸ್ತೀನಿ."

ನಾನು ತಬ್ಬಿಬ್ಬಾದೆ. "ಯಾಕೆ ಮಿಸ್ ಇದೆಲ್ಲ?"

"ನಮ್ಮವ್ವಂಗೆ ಅರಳುಮರಳು ಆಗಿತ್ತು ಕಣ್ಲಾ. ಸಾರಿಗೆ ಸಕ್ಕರೆ ಆಕೋಳು. ಬಂದೋರ್‌ನೆಲ್ಲ ಕೂರ್ಸಿ ಎಲೆ ಅಡಿಕೆ ಕೊಡಳು, ಸತ್ತೋದೋರ್ಗೂವೆ. ಊರ್ನೋರು ಬಂದು ಬಂದು ಮಾತಾಡಿಸಿ ನಗೋರು. ಅವ್ವಂಗೆ ಮಾತ್ರ ಯಾರೂ ಏಳ್ನಿಲ್ಲ. ತಾನು ಸರಿಯಾಗಿವ್ನಿ ಅಂತ್ಲೇ ಸತ್ಲು. ನಂಗಂಗಾಗಬಾರ್ದು. ಐಕ್ಳ ಮುಂದೆ ನಾನು ತಪ್ಪು ಏಳ್ಕೊಂಡು ನಿಂತ್ಕಬಾರ್ದು."

"ನಾನೇ ಯಾಕೆ? ಬೇರೆ ಯಾರಾದ್ರೂ…"

"ಬ್ಯಾರೆಯೋರು ಪಾಪ ಅಂತ ಅಂಕ ಆಕ್ಬುಡ್ತಾರೆ. ನಿಂಗೆ ನನ್ ಮ್ಯಾಲೆ ದ್ವೇಷ ಅದೆ. ನೀನು ಆಕಾಕಿಲ್ಲ."

ಒಬ್ಬ ಮನುಷ್ಯನ ಮೇಲೆ ಇಷ್ಟು ನಂಬಿಕೆ ಇಟ್ಟು ಇಷ್ಟು ಅವಮಾನ ಮಾಡಿದವರನ್ನು ನಾನು ಬೇರೆ ನೋಡಿಲ್ಲ. ಒಪ್ಪಿಕೊಂಡೆ. ಯಾಕೆ ಒಪ್ಪಿಕೊಂಡೆ ಅಂತ ಬಿಡಿಸಿ ಹೇಳಬೇಕೇ? ಹೊಟ್ಟೆಯೊಳಗೆ ಹಾಲು ಹೊಯ್ದಂತಾಯಿತು.

ಪ್ರತಿ ತಿಂಗಳ ಮೊದಲ ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಲ್ಯಾಬಿನ ಕಡೆಯ ಬೆಂಚಿನಲ್ಲಿ ಅವರ ಪರೀಕ್ಷೆ. ತಮ್ಮದೇ ಪೆನ್ನು, ತಮ್ಮದೇ ಹಾಳೆ, ಕಟ್ಟುವುದಕ್ಕೆ ದಾರ. ನಾನು ಕೂತರೆ ಬೈಯುವರು. "ಇನ್ವಿಜಿಲೇಟರು ಕುಂತ್ಕತಾರೇನ್ಲಾ? ನಿಂತ್ಕೊ." ಮೊದಲ ತಿಂಗಳು ತೊಂಬತ್ತೆಂಟು ಬಂತು. ಮುಂದಿನ ತಿಂಗಳು ತೊಂಬತ್ತಾರು. ನಾನು ರಾತ್ರಿ ಕೂತು ಪ್ರಶ್ನೆ ಹೆಣೆಯತೊಡಗಿದೆ. ಪಿಯುಸಿ ಪುಸ್ತಕ ತಂದೆ, ಡಿಗ್ರಿ ಪುಸ್ತಕ ತಂದೆ. ನನ್ನ ಮಕ್ಕಳ ಪಾಠಕ್ಕೂ ಅಷ್ಟು ತಯಾರಿ ಮಾಡಿದವನಲ್ಲ. ಅವರೂ ಬಿಡಲಿಲ್ಲ. ಮೊಬೈಲು ಕೊಂಡು, ಅದರಲ್ಲಿ ಓದಿ, ನೋಟ್ಸು ಮಾಡಿಕೊಂಡು ಬರುತ್ತಿದ್ದರು.

ಒಂದೂವರೆ ವರ್ಷ ಕಳೆದ ಮೇಲೆ ವ್ಯತ್ಯಾಸ ಕಂಡಿತು. ಒಂದು ಗಂಟೆಯಲ್ಲಿ ಮುಗಿಸುತ್ತಿದ್ದವರು ಎರಡೂವರೆ ಗಂಟೆ ತೆಗೆದುಕೊಳ್ಳತೊಡಗಿದರು. ಕ್ಲಾಸಿನಲ್ಲಿ ನರಕೋಶ ಬರೆದು, ಹೊದಿಕೆಯ ಮೇಲೆ ಸೀಮೆಸುಣ್ಣ ಇಟ್ಟು, "ಇದು… ಅದೇ ಕಣ್ರೋ… ವೈರಿನ ಮ್ಯಾಲಿನ ರಬ್ಬರು…" ಎಂದು ನಿಂತುಬಿಡುವರು. ಪದ ಬರುತ್ತಿರಲಿಲ್ಲ. ಆಮೇಲೆ ಸ್ಟಾಫ್ ರೂಮಿನಲ್ಲಿ ಯಾರೋ ಟೊಮೇಟೊ ರೇಟಿನ ಮಾತಾಡುವಾಗ, ಚಹಾ ಲೋಟ ಕೆಳಗಿಟ್ಟು, "ಮಯಲಿನ್!" ಎಂದು ಕೂಗುವರು. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವರು ಆಚೆ ಹೋದ ಮೇಲೆ ನಾನೇ ಅಣಕ ಮಾಡಿ ತೋರಿಸುತ್ತಿದ್ದೆ. ಚೆನ್ನಾಗಿ ಮಾಡುತ್ತಿದ್ದೆ. ಮತ್ತೆ ಮತ್ತೆ ಮಾಡಿಸುತ್ತಿದ್ದರು.

ಆದರೆ ಪದ ಬರುತ್ತಿತ್ತು, ಅದು ಮುಖ್ಯ. ತಡವಾಗಿ ಬರುತ್ತಿತ್ತು, ಆದರೆ ತಪ್ಪಾಗಿ ಬರುತ್ತಿರಲಿಲ್ಲ. ಅಂಕ ತೊಂಬತ್ತರ ಕೆಳಗೆ ಇಳಿದರೂ ಎಂಬತ್ತರ ಕೆಳಕ್ಕೆ ಇಳಿಯಲಿಲ್ಲ. ಫೇಲಾದ ಮಕ್ಕಳು ಅವರ ಕೈಯಲ್ಲಿ ಪಾಸಾಗುತ್ತಿದ್ದರು. ಒಂದು ದಿನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಮುಖಕ್ಕೇ ಹೇಳಿದಳು, "ಸಾರ್, ಮಿಸ್ಸು ಸಿಕ್ಕಾಪಟ್ಟೆ ಬಯ್ತಾರೆ. ಆದ್ರೆ ಅರ್ತ ಆಯ್ತದೆ. ನೀವು ಬಯ್ಯಾಕಿಲ್ಲ ಸಾರ್." ಈ ಶಾಲೆಯ ಹದಿನೆಂಟು ವರ್ಷದ ಸರ್ವೀಸಿಗೆ ನನಗೆ ಸಿಕ್ಕ ಪ್ರಶಂಸಾಪತ್ರ ಅದು. ಅವತ್ತೇ ಮಿಸ್ಸಿನ ಮುಂದಿನ ಪೇಪರಿಗೆ ಈ ಪ್ರಶ್ನೆ ಹಾಕಿದೆ: 'ವಯಸ್ಸಾದಂತೆ ಮೆದುಳಿನ ನರಕೋಶಗಳ ರಚನೆ ಮತ್ತು ಕಾರ್ಯದಲ್ಲಿ ಆಗುವ ಬದಲಾವಣೆಗಳನ್ನು ವಿವರಿಸಿ. ಐದು ಅಂಕ.'

ಅವರ ಬಗ್ಗೆ ಅವರ ಕೈಯಲ್ಲೇ ಬರೆಸಬೇಕು ಅನ್ನುವುದೇ ನನ್ನ ಆಸೆ. ಪ್ರಶ್ನೆ ಓದಿ ಅವರು ತಲೆಯೆತ್ತಿದರು. ಬೈಯುತ್ತಾರೆ ಅಂದುಕೊಂಡೆ. "ಬುದ್ಧಿ ಬಂದದೆ ನಿಂಗೆ" ಎಂದು ಮತ್ತೆ ತಲೆ ಬಗ್ಗಿಸಿ ಬರೆದರು.

ಆ ಉತ್ತರ ನನಗೆ ಬಾಯಿಪಾಠ ಆಗಿದೆ. "ಆರೋಗ್ಯವಂತರಲ್ಲಿ ವಯಸ್ಸಾದ ಮಾತ್ರಕ್ಕೆ ನರಕೋಶಗಳು ಹೆಚ್ಚಾಗಿ ಸಾಯುವುದಿಲ್ಲ. ಡೆಂಡ್ರೈಟಿನ ಕವಲುಗಳು ಮೊಟಕಾಗುತ್ತವೆ. ಕವಲುಗಳ ಮೇಲಿನ ಸಣ್ಣ ಮುಳ್ಳುಗಳು ಉದುರುತ್ತವೆ. ಕೋಶಕ್ಕೂ ಕೋಶಕ್ಕೂ ನಡುವಿನ ಸಂಪರ್ಕಗಳು ಕಡಿಮೆಯಾಗುತ್ತವೆ. ಮಯಲಿನ್ ಹೊದಿಕೆ ಅಲ್ಲಲ್ಲಿ ತೆಳುವಾಗುತ್ತದೆ. ಆದ್ದರಿಂದ ಸಂದೇಶ ತಡವಾಗಿ ತಲುಪುತ್ತದೆ. ತಡವಾಗುವುದು ಬೇರೆ, ತಲುಪದಿರುವುದು ಬೇರೆ. ಕೆಲವು ಕಾಯಿಲೆಗಳಲ್ಲಿ ಮಾತ್ರ ಕೋಶಗಳೇ ದೊಡ್ಡ ಪ್ರಮಾಣದಲ್ಲಿ ಸಾಯುತ್ತವೆ. ಸೂಚನೆ: ಈ ಬಗ್ಗೆ ನಾನು ಇಷ್ಟು ವರ್ಷ ತರಗತಿಯಲ್ಲಿ ಹೇಳಿಕೊಟ್ಟದ್ದು ತಪ್ಪು." ಮಯಲಿನ್ ಅನ್ನುವ ಪದದ ಜಾಗವನ್ನು ಮೊದಲು ಖಾಲಿ ಬಿಟ್ಟು ಆಮೇಲೆ ತುಂಬಿದ್ದರು. ಶಾಯಿ ಅಲ್ಲಿ ದಪ್ಪವಾಗಿತ್ತು.

ತಪ್ಪು ಅನ್ನುವ ಪದವನ್ನು ಆಕೆ ತಮ್ಮ ಬಗ್ಗೆ ಬರೆದದ್ದು ಅದೊಂದೇ ಸಲ ಇರಬೇಕು.

ನಾನು ಅಟ್ಟದಿಂದ ನನ್ನ ಒಂಬತ್ತನೇ ಕ್ಲಾಸಿನ ನೋಟ್ಸು ಇಳಿಸಿ ತಂದೆ. ಅವರೇ ಹೇಳಿ ಬರೆಸಿದ್ದು, ಅವರೇ ಕೆಂಪು ಶಾಯಿಯಲ್ಲಿ ರೈಟು ಹಾಕಿ ಸಹಿ ಮಾಡಿದ್ದು. 'ವಯಸ್ಸಾದಂತೆ ನರಕೋಶಗಳು ದಿನವೂ ಸಾಯುತ್ತವೆ, ಮತ್ತೆ ಹುಟ್ಟುವುದಿಲ್ಲ.' ಅದನ್ನೇ ಕೀ ಉತ್ತರ ಮಾಡಿಕೊಂಡೆ. ಹೋಲಿಸಿದೆ. ಒಂದು ವಾಕ್ಯವೂ ಹೊಂದಲಿಲ್ಲ. ಸೊನ್ನೆ ಹಾಕಿದೆ. ಒಟ್ಟು ಎಪ್ಪತ್ತೆಂಟು ಆಯಿತು. ಐದು ಕೊಟ್ಟಿದ್ದರೆ ಎಂಬತ್ತಮೂರು.

ಅವರು ಬರೆದದ್ದು ಸರಿ ಅಂತ ನನಗೆ ಗೊತ್ತಿತ್ತೇ? ನೆಟ್ಟಗೆ ಹೇಳಿಬಿಡುತ್ತೇನೆ. ಅನುಮಾನ ಇತ್ತು. ಮೊಬೈಲು ಜೇಬಿನಲ್ಲೇ ಇತ್ತು. ಹುಡುಕಲು ಎರಡು ನಿಮಿಷ ಸಾಕಿತ್ತು, ಹುಡುಕಲಿಲ್ಲ.

ಮುಂದಿನ ಶನಿವಾರ ಬಂದರು. ಲ್ಯಾಬಿನಲ್ಲಿ ಮಕ್ಕಳು ಕಾಯುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಪೇಪರು ಕೊಟ್ಟೆ. ಮೊದಲು ಒಟ್ಟು ನೋಡಿದರು. ಆಮೇಲೆ ಒಂದೊಂದೇ ಪುಟ ತಿರುಗಿಸಿ ತಾವೇ ಕೂಡಿದರು. ಆ ಸೊನ್ನೆಯ ಹತ್ತಿರ ಬೆರಳು ನಿಂತಿತು.

"ಕೀ ಎಲ್ಲಿ?"

ಹಳೇ ನೋಟ್‌ಬುಕ್ಕು ಮುಂದಿಟ್ಟೆ. ಓದಿದರು. ತಮ್ಮ ಸಹಿ ನೋಡಿದರು.

"ಇದು ನಂದೇ ನೋಟ್ಸು."

"ಹೌದು ಮಿಸ್."

ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಲೇ ಕುರಿ, ಪುಸ್ತಕ ನೋಡು ಅಂದಿದ್ದರೆ ಸಾಕಿತ್ತು. ನಾನು ಅದಕ್ಕೇ ಕಾಯುತ್ತಿದ್ದೆನೋ ಏನೋ. ಅವರು ಅನ್ನಲಿಲ್ಲ. ಬಹಳ ಹೊತ್ತು ನನ್ನ ಮುಖ ನೋಡಿದರು. "ಕೀ ಪ್ರಕಾರ ಸೊನ್ನೇಯ" ಎಂದು ಪೇಪರನ್ನು ಮಡಿಸಿ ನನಗೇ ವಾಪಸ್ಸು ಕೊಟ್ಟರು. ಚೀಲದಿಂದ ಕೊಬ್ಬರಿಯ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟರು. "ಐಕ್ಳಿಗೆ ಅಂಚ್ಬುಡು. ಮಿಸ್ಸು ಇನ್ ಬರಾಕಿಲ್ಲ ಅಂತ ಏಳು."

"ನೀವೇ ಒಂದು ಮಾತು ಹೇಳಿ ಹೋಗಿ ಮಿಸ್."

"ಫೇಲಾದೋಳು ಕ್ಲಾಸ್ ಒಳಕ್ಕೆ ಓಗಬಾರ್ದು" ಎಂದು ಎದ್ದರು. ಗೇಟಿನ ತನಕ ತಲೆ ಎತ್ತಿಕೊಂಡೇ ನಡೆದರು. ಬಸ್ ಸ್ಟಾಪಿನಲ್ಲಿ ಒಂದು ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಬೇಜಾರಾಯಿತೇ ಅಂತ ಕೇಳಿದರೆ, ಇಲ್ಲ. ಆ ದಿನ ಮಧ್ಯಾಹ್ನ ನಾನು ಎರಡು ಮುದ್ದೆ ಉಂಡೆ.

ಕೆಲವು ತಿಂಗಳಲ್ಲೇ ಪಾಂಡವಪುರದ ಬಾಡಿಗೆ ಮನೆ ಖಾಲಿ ಮಾಡಿ ನಾಗಮಂಗಲದ ತಂಗಿ ಮನೆಗೆ ಹೋದರು. ಒಂದೆರಡು ವರ್ಷದ ಮೇಲೆ ಸುದ್ದಿ ಬಂತು. ದಾರಿ ತಪ್ಪುತ್ತಾರಂತೆ. ಸೀರೆ ಉಡುವುದು ಮರೆತರಂತೆ. ಡಾಕ್ಟರು ಮರೆವಿನ ಕಾಯಿಲೆ ಅಂದರಂತೆ. ಸ್ಟಾಫ್ ರೂಮಿನಲ್ಲಿ, "ನೋಡಿದ್ಯಾ, ನೀನು ಸರಿಯಾದ ಟೈಮಿಗೆ ನಿಲ್ಲಿಸಿದೆ" ಎಂದು ನನ್ನ ಬೆನ್ನು ತಟ್ಟಿದರು. ನಾನೂ ಹೌದು ಅಂದುಕೊಂಡೆ.

ಹೋದ ವರ್ಷ ಶ್ರೀರಂಗಪಟ್ಟಣದಲ್ಲಿ ಸೈನ್ಸ್ ಮೇಷ್ಟ್ರುಗಳಿಗೆ ಮೂರು ದಿನದ ತರಬೇತಿ ಇತ್ತು. ಹೊಟ್ಟೆ ತುಂಬಿದ ಮೇಲಿನ ಸೆಷನ್ನು, ಅರ್ಧ ಜನ ತೂಕಡಿಸುತ್ತಿದ್ದರು. ಮೆದುಳಿನ ಬಗ್ಗೆ ಮಾತಾಡಲು ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರಮ್ಮ ಬಂದಿದ್ದರು. ಪರದೆಯ ಮೇಲೆ ಎರಡು ನರಕೋಶ ಹಾಕಿದರು, ಒಂದು ಎಳೆಯದು, ಒಂದು ಮುದಿಯದು. "ನೋಡಿ, ಕೋಶ ಸತ್ತಿಲ್ಲ. ಕವಲು ಮೊಟಕಾಗಿದೆ, ಮುಳ್ಳುಗಳು ಉದುರಿವೆ, ಹೊದಿಕೆ ತೆಳುವಾಗಿದೆ. ಅದಕ್ಕೇ ವಯಸ್ಸಾದವರು ನಿಧಾನ" ಅಂದರು. ನನ್ನ ನಿದ್ದೆ ಹಾರಿಹೋಯಿತು.

ಕೈ ಎತ್ತಿದೆ. "ಮೇಡಂ, ದಿನಾ ಕೋಶ ಸಾಯ್ತವೆ ಅಂತ ನಾವು ಓದಿದ್ದೆವಲ್ಲ?"

"ಅದು ಹಳೇ ಪಾಠ ಸರ್. ಈಗ ಯಾರೂ ಹಾಗೆ ಹೇಳಲ್ಲ. ಬಳಸ್ತಾ ಇದ್ದರೆ ಕವಲು ಇನ್ನಷ್ಟು ದಿನ ಉಳೀತವೆ. ಅದಕ್ಕೇ ರಿಟೈರಾದವರಿಗೆ ಸುಮ್ಮನೆ ಕೂರಬೇಡಿ, ಪಾಠ ಮಾಡಿ, ಜನರ ಜತೆ ಇರಿ ಅನ್ನೋದು."

ಸೆಷನ್ನು ಮುಗಿದ ಮೇಲೆ ಹಿಂದೆ ಹೋಗಿ ಕೇಳಿದೆ. ಪಾಠ ಮಾಡುತ್ತಿದ್ದ ಒಬ್ಬರನ್ನು ನಿಲ್ಲಿಸಿದರೆ, ಆಮೇಲೆ ಅವರಿಗೆ ಕಾಯಿಲೆ ಬಂದರೆ, ನಿಲ್ಲಿಸಿದ್ದಕ್ಕೇ ಬಂತು ಅನ್ನಬಹುದೇ ಅಂತ. ಆಕೆ ನನ್ನನ್ನು ಅಳೆದು ನೋಡಿದರು. "ಆ ಕಾಯಿಲೆ ಬೇರೆ ಸರ್. ಎಷ್ಟೋ ವರ್ಷ ಮೊದಲೇ ಒಳಗೊಳಗೆ ಶುರುವಾಗಿರ್ತದೆ. ನಿಲ್ಲಿಸಿದ್ದಕ್ಕೇ ಬಂತು ಅನ್ನೋಕಾಗಲ್ಲ. ನಿಲ್ಲಿಸದೆ ಇದ್ದಿದ್ದರೆ ಒಂದೆರಡು ವರ್ಷ ಚೆನ್ನಾಗಿರ್ತಿದ್ದರೋ ಏನೋ, ಅದೂ ಹೇಳೋಕಾಗಲ್ಲ." ಎರಡೂ ಹೇಳೋಕಾಗಲ್ಲ! ಒಂದನ್ನಾದರೂ ಹೇಳಿದ್ದರೆ ಅತ್ತೋ ನಕ್ಕೋ ಮಲಗುತ್ತಿದ್ದೆ.

ಆ ಪೇಪರು ನನ್ನ ಹತ್ತಿರವೇ ಇತ್ತು. ಸೊನ್ನೆ ಹೊಡೆದು ಐದು ಹಾಕಿದೆ. ಒಟ್ಟು ಎಂಬತ್ತಮೂರು ಬರೆದು, ತಿದ್ದಿದ್ದಕ್ಕೆ ಚಿಕ್ಕ ಸಹಿ ಮಾಡಿದೆ. ಭಾನುವಾರ ನಾಗಮಂಗಲದ ಬಸ್ಸು ಹತ್ತಿದೆ.

ತಂಗಿ ಅಂದರೆ ಅಕ್ಕನದೇ ಅಚ್ಚು, ಸ್ವಲ್ಪ ದಪ್ಪ. "ಬಾಪ್ಪ, ಅಕ್ಕುನ್ ನೋಡಾಕ್ ಬಂದ್ಯಾ? ನೋಡು. ಅವ್ಳಿಗೆ ಮಾತ್ರ ನೀನು ಯಾರು ಅಂತ ಗೊತ್ತಾಗಾಕಿಲ್ಲ" ಎಂದು ಒಳಗೆ ಕರೆದರು. ಒಲೆಯ ಮೇಲೆ ಏನೋ ಹುರಿಯುತ್ತಿತ್ತು. "ಕುರಿ ಮೆದ್ಳು ತಿನ್ಸಿದ್ರೆ ಸರೋಯ್ತದೆ ಅಂದ್ರು ಅಕ್ಕಪಕ್ಕದೋರು. ವರ್ಸದಿಂದ ವಾರವಾರ ತಿನ್ನಿಸ್ತಾವ್ನಿ. ಎಲ್ಲಿ, ಕುರಿ ದಂಡ ಆಯ್ತು ಅಷ್ಟೇ." ಪಕ್ಕದ ಮನೆಯ ಇಬ್ಬರು ಹೆಂಗಸರು ಬಾಗಿಲಲ್ಲಿ ಕೂತಿದ್ದರು. ತಂಗಿ ಅವರಿಗೆ ಕಣ್ಣು ಮಿಟುಕಿಸಿ, "ಅಕ್ಕಾ, ಇವತ್ತು ಯಾವ್ ವಾರ?" ಅಂದರು. ಒಳಗಿನಿಂದ, "ಶನ್ವಾರ. ಐಕ್ಳು ಕಾಯ್ತಾವೆ" ಎಂದು ಬಂತು. "ದಿನಾ ಶನ್ವಾರವೇಯ ಇವ್ಳಿಗೆ!" ಎಂದು ಮೂವರೂ ಸೆರಗು ಬಾಯಿಗಿಟ್ಟು ನಕ್ಕರು. ನಾನು ಅವರನ್ನು ಬೈಯಲಿಲ್ಲ, ಯಾವ ಬಾಯಲ್ಲಿ ಬೈಯಲಿ?

ಕೂದಲನ್ನು ಗಂಡು ಹುಡುಗರ ಹಾಗೆ ಕತ್ತರಿಸಿದ್ದರು. ನೈಟಿಯ ಮೇಲೆ ಟವೆಲು. ನನ್ನನ್ನು ಕಂಡು ಗಡಬಡಿಸಿ ಎದ್ದು ನಿಂತರು. ಟವೆಲನ್ನೇ ಸೆರಗಿನ ಹಾಗೆ ಸರಿಮಾಡಿಕೊಂಡು, "ನಮಸ್ಕಾರ ಸಾರ್. ಇನ್‌ಸ್ಪೆಕ್ಷನ್ನಾ ಸಾರ್? ಕ್ಲಾಸು ಸರಿಯಾಗೇ ನಡೀತಾ ಅದೆ ಸಾರ್" ಅಂದರು. ಕೈ ನಡುಗುತ್ತಿತ್ತು. ಆಕೆ ಯಾರ ಮುಂದೆಯೂ ಹಾಗೆ ನಿಂತವರಲ್ಲ. ಇನ್‌ಸ್ಪೆಕ್ಟರುಗಳೇ ಅವರನ್ನು ಕಂಡರೆ ಹೆದರುತ್ತಿದ್ದರು.

"ಮಿಸ್, ನಾನು. ನಿಮ್ಮ ಕುರಿ" ಅಂದೆ. ಅವರಿಗೆ ಗುರುತು ಹತ್ತಲಿಲ್ಲ. ಪೇಪರು ತೆಗೆದು ಅವರ ಕೈಗಿಟ್ಟೆ. "ಇದು ನೀವು ಬರ್ದಿದ್ದು ಮಿಸ್. ಈ ಉತ್ತರ ಸರಿ ಇತ್ತು. ನಾನೇ ಬೇಕಂತ ಸೊನ್ನೆ ಹಾಕ್ದೆ. ಈಗ ತಿದ್ದಿದ್ದೀನಿ. ನೀವು ಪಾಸಾಗಿದ್ರಿ ಮಿಸ್." ಇದ್ದಕ್ಕಿದ್ದ ಹಾಗೆ ಅತ್ತುಬಿಟ್ಟೆ. ಬಾಗಿಲಲ್ಲಿದ್ದ ಹೆಂಗಸರು ನಗುವುದು ನಿಲ್ಲಿಸಿದರು.

ಪೇಪರು ಕೈಗೆ ಬಂದದ್ದೇ ತಡ, ಅವರ ನಡುಕ ನಿಂತಿತು. ಕೂತರು. ಕನ್ನಡಕ ಕೇಳಿ ಹಾಕಿಸಿಕೊಂಡರು. ಹೆಬ್ಬೆರಳಿಗೆ ಎಂಜಲು ಮುಟ್ಟಿಸಿ ಪುಟ ತಿರುಗಿಸಿದರು. ನನ್ನ ಕಡೆ ನೋಡದೆ ಕೈ ಚಾಚಿ, "ಕೆಂಪು ಪೆನ್ನು" ಅಂದರು. ಕೊಟ್ಟೆ.

ತುಟಿ ಆಡಿಸುತ್ತ ಓದಿದರು. ಎರಡನೆಯ ಸಾಲಿಗೆ ಬರುವ ಮೊದಲೇ ಹುಬ್ಬು ಗಂಟಾಯಿತು.

"ಸಾಯುವುದಿಲ್ವಂತೆ! ಯಾವನ್ಲಾ ಇದ್ನ ಬರ್ದೋನು? ನರಕೋಶ ಸಾಯ್ತವೆ. ದಿನಾ ಸಾಯ್ತವೆ. ಸತ್ತಿದ್ದು ಉಟ್ಟಾಕಿಲ್ಲ. ನೋಟ್ಸ್ ಕೊಟ್ಟಿರ್ನಿಲ್ವಾ ನಾನು?"

"ಮಿಸ್, ಅದು ಹಳೇದು. ಇದು ನೀವೇ ಆಮೇಲೆ ಓದಿ…"

"ಬಾಯ್ಮುಚ್ಚು."

ಕವಲು, ಮುಳ್ಳು, ಹೊದಿಕೆ, ತಡವಾಗುವುದು ಬೇರೆ, ತಲುಪದಿರುವುದು ಬೇರೆ, ಎಲ್ಲದರ ಮೇಲೂ ಅಡ್ಡಗೆರೆ ಎಳೆಯುತ್ತ ಹೋದರು. ಕೊನೆಯ ಸೂಚನೆಯನ್ನು ಎರಡು ಸಲ ಓದಿದರು. "ಮೇಷ್ಟ್ರು ಏಳ್ಕೊಟ್ಟಿದ್ದೇ ತಪ್ಪು ಅಂತ ಬರ್ದವ್ನೆ. ಕೊಬ್ಬು ನೋಡು" ಎಂದು ಅದನ್ನು ಕಾಗದ ಹರಿಯುವ ಹಾಗೆ ಹೊಡೆದರು. ನನ್ನ ಐದನ್ನು ಹೊಡೆದು ಪಕ್ಕದಲ್ಲಿ ದುಂಡಗೆ ಸೊನ್ನೆ ಬರೆದರು. ಮೊದಲ ಪುಟಕ್ಕೆ ಬಂದು ಪೂರ್ತಿ ಕೂಡಿ ಎಪ್ಪತ್ತೆಂಟು ಹಾಕಿದರು. ಅದರ ಕೆಳಗೆ ಎರಡು ಗೆರೆ, ಸಹಿ. ಪೇಪರನ್ನು ನನ್ನ ಕಡೆ ತಳ್ಳಿ, "ಓಗು, ಮುಂದಿಂದು ಕಳ್ಸು" ಅಂದರು.

ಮುಂದಿನದು ಇರಲಿಲ್ಲ. ಖಾಲಿ ಕೈ ಚಾಚಿಕೊಂಡೇ ಕೂತಿದ್ದರು. ನಾನು ಎದ್ದು ಬಂದೆ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಪೇಪರು ತೆಗೆದು ಮತ್ತೊಮ್ಮೆ ನೋಡಿದೆ. ಕೂಡಿದ್ದು ಸರಿಯಾಗಿತ್ತು. ಅವರೇ ಸೊನ್ನೆ ಕೊಟ್ಟ ಮೇಲೆ ನನ್ನದೇನು ತಪ್ಪು ಅನ್ನಿಸಿತು. ಹಾಗೆ ಅನ್ನಿಸಬಾರದು ಅಂತ ಗೊತ್ತಿದ್ದೂ ಅನ್ನಿಸಿತು, ಎದೆ ಹಗುರವಾಯಿತು. ಜಕ್ಕನಹಳ್ಳಿ ದಾಟುವ ಹೊತ್ತಿಗೆ ನಿದ್ದೆ ಹತ್ತಿತ್ತು. ಪಾಂಡವಪುರದಲ್ಲಿ ಕಂಡಕ್ಟರು ತಟ್ಟಿ ಎಬ್ಬಿಸಬೇಕಾಯಿತು.